ಮೂರನೆಯ ಮನೆಯ ರುಚಿ

"ಗೊತ್ತಿಲ್ಲ ಮಾವ, ಊರೊಳಗೆ ಹೋಗಿ ಯಾರನ್ನಾದ್ರೂ ಕೇಳ್ಬೇಕು" ಎಂಬ ಮಾತು ಬಾಯಿಂದ ಜಾರಿದ ಮೇಲೆ ಬೊಮ್ಮಲಿಂಗಪ್ಪನಿಗೆ ತಾನು ಯಾಕೆ ಹಾಗೆ ಹೇಳಿದೆ ಎಂಬುದೇ ತಿಳಿಯಲಿಲ್ಲ. ಕೇಳಿದ್ದು ಎಷ್ಟು ಸಣ್ಣ ಪ್ರಶ್ನೆ. ಚಳ್ಳಕೆರೆ ಇನ್ನೂ ಕಣ್ಣಿಗೆ ಬೀಳುವ ಮುಂಚೆಯೇ ಎಡಗಡೆಯ ಎತ್ತು ಲಾಳ ಕಳಚಿಕೊಂಡು ಕುಂಟತೊಡಗಿತ್ತು. ಮಾವ ದೊಡ್ಡಪಾಲಯ್ಯ ಗಾಡಿಯಿಂದ ಇಳಿದು, ಗೊರಸು ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿ, "ಈ ಊರಾಗೆ ಲಾಳ ಕಟ್ಟೋರು ಯಾರವ್ರೋ? ಸಂತೆ ಸಂತೆಗೂ ಬರೋನು ನೀನು" ಎಂದಿದ್ದ, ಅಷ್ಟೆ. ಮೌಲಾ ಸಾಬ್ ಅಂತ ಒಬ್ಬ ಅವನೆ ಮಾವ, ಬೇವಿನ ಮರದ ಹತ್ರ, ಒಳ್ಳೆ ಕೈ ಎಂದಿದ್ದರೆ ಆಕಾಶ ಕಳಚಿ ಬೀಳುತ್ತಿರಲಿಲ್ಲ. ಲಾಳ ಕಟ್ಟುವವನ ಗುರುತು ಇರುವುದು ಯಾವ ದೇವರ ಮುಂದೂ ತಪ್ಪಲ್ಲ. ಹಟ್ಟಿಯ ಗಾಡಿಗಳೆಲ್ಲ ಎಂದಾದರೊಂದು ದಿನ ಆ ಮರದ ಕೆಳಗೆ ನಿಂತವೇ. ಆದರೆ ಆ ಹೆಸರು ನಾಲಿಗೆಯ ತುದಿಗೆ ಬಂದ ಕೂಡಲೇ ಅದರ ಹಿಂದೆ ಒಂದು ವಾಸನೆಯೂ ಬಂದಿತ್ತು. ಮಾವನಿಗೆ ಆ ವಾಸನೆ ತಟ್ಟಿಬಿಡುತ್ತದೆಯೇನೋ ಎಂದು ಬಾಯಿ ತಾನಾಗಿ ಮುಚ್ಚಿಕೊಂಡಿತ್ತು. ಈಗ ಗಾಡಿ ಮೆಲ್ಲಗೆ ಸಾಗುತ್ತಿತ್ತು, ಕುಂಟುವ ಎತ್ತಿನ ಜೊತೆಗೆ ಇಬ್ಬರೂ ನಡೆಯುತ್ತಿದ್ದರು, ಮತ್ತು ಹೇಳಿದ ಸುಳ್ಳು ಮೂರನೆಯವನಾಗಿ ಅವರಿಬ್ಬರ ನಡುವೆ ನಡೆಯುತ್ತಿತ್ತು.

ದೊಡ್ಡಪಾಲಯ್ಯ ಪೇಟೆಗೆ ಬಾರದೆ ಎಷ್ಟೋ ವರ್ಷವಾಗಿತ್ತು. ದೇವಸಮುದ್ರದ ಕಡೆಯ ಅವರ ಹಟ್ಟಿಗೆ ಅವನೇ ಹಿರಿಯ. ಬೊಮ್ಮಲಿಂಗಪ್ಪನಿಗೆ ಸೋದರಮಾವ, ಹೆಂಡತಿ ಸೂರಮ್ಮನಿಗೆ ಅಪ್ಪ. ದೇವರ ಎತ್ತುಗಳನ್ನು ಕಾಯುತ್ತಿದ್ದ ಕಿಲಾರಿ ಯರ್ರಪ್ಪ ಹೋದ ವರ್ಷದ ಜ್ವರದಲ್ಲಿ ಹೋಗಿಬಿಟ್ಟ ಮೇಲೆ ಮಂದೆಗೆ ಧಣಿಯಿಲ್ಲದಂತಾಗಿತ್ತು. ಹೊಸ ಕಿಲಾರಿಗೆಂದು ಹೊಸ ಹುರಿ, ಎತ್ತುಗಳ ಕೊರಳಿಗೆ ಹೊಸ ಗಂಟೆ ತರಬೇಕು, ಅದನ್ನು ಹಿರಿಯನೇ ತನ್ನ ಕೈಯಿಂದ ಆರಿಸಬೇಕು, ಅದು ಪದ್ಧತಿ. ಹುರಿ ಯಾರ ಕೈಗೆ ಎಂದು ಮಾವ ಬಾಯಿ ಬಿಟ್ಟು ಹೇಳಿರಲಿಲ್ಲ. ಆದರೆ ಹೊರಡುವ ಮುಂಜಾನೆ, "ಗಾಡಿ ನೀನು ಹೂಡು" ಎಂದಿದ್ದ. ಸೂರಮ್ಮ ಗಾಡಿಯ ಹಿಂದೆ ಬೇಲಿಯವರೆಗೂ ಬಂದು, "ಏನ್ ಕೇಳಿದ್ರೂ ತಲೆ ಎತ್ತಿ ಹೇಳು" ಎಂದು ಪಿಸುಗುಟ್ಟಿ ಹೋಗಿದ್ದಳು. ಅವಳ ಕಣ್ಣಲ್ಲಿ ಆಗಲೇ ಕಿಲಾರಿಯ ಹೆಂಡತಿಯ ಕಳೆ ಇತ್ತು. ಬೊಮ್ಮಲಿಂಗಪ್ಪನಿಗೂ ಬೇಕಾಗಿತ್ತು. ಚಿಕ್ಕಂದಿನಿಂದ ಬೇಕಾಗಿತ್ತು. ಆ ಬಿಳಿಯ ಎತ್ತುಗಳು ಸಂಜೆ ದೂಳಿನಲ್ಲಿ ಸಾಲಾಗಿ ಬರುವಾಗ ಹಟ್ಟಿಯ ಗಂಡಸರೆಲ್ಲ ಎದ್ದು ನಿಲ್ಲುತ್ತಿದ್ದರು. ಎತ್ತುಗಳಿಗೆ ಮಾತ್ರವಲ್ಲ, ಹಿಂದೆ ಬರುವ ಯರ್ರಪ್ಪನಿಗೂ. ಕಿಲಾರಿಯಾದವನು ಇನ್ನೊಬ್ಬರ ಕೈಯಲ್ಲಿ ಬೆಂದದ್ದನ್ನು ಉಣ್ಣಬಾರದು. ಅದು ಹಾಗಿರಲಿ, ಉಂಡಿದ್ದರೂ ಅದನ್ನು ಕಳೆಯುವ ದಾರಿಗಳಿದ್ದವು. ಕೋಳಿಗೆ ದಾರಿ ಇರಲಿಲ್ಲ. ಅವರ ಜನ ಕೋಳಿ ಸಾಕುವುದಿಲ್ಲ, ಮುಟ್ಟುವುದಿಲ್ಲ, ಕೋಳಿ ಹೊಕ್ಕ ಗುಡಿಸಲಿನ ನೆಲ ಸಾರಿಸುತ್ತಾರೆ. ಅವರ ಹಟ್ಟಿಯಲ್ಲಿ ಬೆಳಕು ಹುಂಜದ ಕೂಗಿಲ್ಲದೆ ಹರಿಯುತ್ತದೆ. "ಹುಂಜ ಎಬ್ಬಿಸಿದ್ರೆ ಏಳೋ ಜನ ಅಲ್ಲ ಕಣಪ್ಪ ನಾವು" ಎಂದು ಅವ್ವ ಹೇಳುತ್ತಿದ್ದಳು. ಪೇಟೆಯಲ್ಲಿ ಏನೇನು ತಿಂದೆ ಎಂದು ಹಟ್ಟಿಯೊಳಗೆ ಕೂತು ಕೇಳಿದರೆ ನಾಲ್ಕು ಜನರ ಕಿವಿ, ಅದಕ್ಕೇ ಮಾವ ನನ್ನನ್ನು ದಾರಿಗೆ ಕರೆದುಕೊಂಡು ಬಂದಿದ್ದಾನೆ, ಕೇಳಿಯೇ ಕೇಳುತ್ತಾನೆ ಎಂದು ಬೊಮ್ಮಲಿಂಗಪ್ಪ ಗಾಡಿ ಹೂಡಿದಾಗಿನಿಂದ ಕಾಯುತ್ತಿದ್ದ. ಬಿ.ಜಿ. ಕೆರೆ ದಾಟಿತು, ಕೇಳಲಿಲ್ಲ. ಬಯಲು ಮುಗಿಯಿತು, ಕೇಳಲಿಲ್ಲ. ಕೇಳಿದ್ದು ಲಾಳ ಕಟ್ಟುವವನ ಹೆಸರು.

ಪೇಟೆಯ ಬಾಯಿಗೆ ಬಂದರೆ ಬೊಮ್ಮಲಿಂಗಪ್ಪನಿಗೆ ಕಣ್ಣಿಗಿಂತ ಮೊದಲು ಮೂಗು ಎಚ್ಚರವಾಗುತ್ತಿತ್ತು. ಕಚೇರಿ ಬೀದಿಯ ತಿರುವಿನಲ್ಲಿ ಭಟ್ಟರ ಕಾಫಿ ಕ್ಲಬ್ಬಿನ ಹುರಿದ ಬೀಜದ ಹೊಗೆ. ಹಾಲು ಉಕ್ಕಿ ಕೆಂಡದ ಮೇಲೆ ಬಿದ್ದ ಕಮಟು ಅದರ ಹಿಂದೆಯೇ. ಸಮುದ್ರದ ಕಡೆಯಿಂದ ಬಂದ ಆ ಭಟ್ಟರು ಒಳಗೆ ಒಂದು ಮಣೆಯ ಸಾಲು ಹಾಕಿದ್ದರು, ಅದು ಅವರ ಜನಕ್ಕೆ. ಹೊರಗೆ ಗೋಡೆಯಲ್ಲಿ ಒಂದು ಕಿಂಡಿ, ಅದು ಉಳಿದವರಿಗೆ. ಕಿಂಡಿಯ ಪಕ್ಕದ ಮೊಳೆಗೆ ಹಿತ್ತಾಳೆ ಲೋಟಗಳು ತಲೆಕೆಳಗಾಗಿ ತೂಗುತ್ತಿದ್ದವು. ತೆಗೆದುಕೊಳ್ಳಬೇಕು, ಕಿಂಡಿಯ ಕೆಳಗೆ ಹಿಡಿಯಬೇಕು, ಮೇಲಿನಿಂದ ಕಾಫಿ ಧಾರೆಯಾಗಿ ಬೀಳುತ್ತದೆ, ಕುಡಿದು ಬೂದಿ ಹಾಕಿ ತಿಕ್ಕಿ ಮತ್ತೆ ಮೊಳೆಗೆ ಸಿಕ್ಕಿಸಬೇಕು. ಭಟ್ಟರು ಗಿರಾಕಿಯ ಮುಖ ನೋಡಿದವರಲ್ಲ, ಬೆರಳು ನೋಡುವವರು. ಒಂದು ಸಲ ಬೊಮ್ಮಲಿಂಗಪ್ಪನ ಹೆಬ್ಬೆರಳು ಅರಿಯದೆ ಕಿಂಡಿಯ ಕಟ್ಟೆಗೆ ತಾಗಿತ್ತು. ಅವರು ಬೈಯಲಿಲ್ಲ. ಒಳಗೆ ಹೋಗಿ ತಂಬಿಗೆ ತಂದು ಕಟ್ಟೆಯ ಮೇಲೆ ನೀರು ಚಿಮುಕಿಸಿ, ಅದು ಆರುವವರೆಗೆ ಕಾದು, ಆಮೇಲೆ ಸುರಿದರು. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ನೀರು ಆರುವವರೆಗೆ ಲೋಟ ಹಿಡಿದು ನಿಂತದ್ದು ಇಂದಿಗೂ ಮುಗಿದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಆಮೇಲೆ ಬಿದ್ದ ಕಾಫಿ ಬಹಳ ಚೆನ್ನಾಗಿತ್ತು. ಅವಮಾನ ಒಂದು ಕಡೆ ಇಳಿಯಿತು, ಕಾಫಿ ಇನ್ನೊಂದು ಕಡೆ. ಅವನ ಸಿಟ್ಟು ಭಟ್ಟರ ಮೇಲೆ ಬರಲಿಲ್ಲ, ಆ ಹೊತ್ತಿನಲ್ಲೂ ರುಚಿ ಹಿಡಿದ ತನ್ನ ನಾಲಿಗೆಯ ಮೇಲೆ ಬಂತು. ಅಂದು ಹಟ್ಟಿಗೆ ಮರಳಿದಾಗ ಬೇಲಿಯಾಚೆ ಯಾರೋ ದಾರಿಹೋಕ ಬೊಗಸೆಯೊಡ್ಡಿ ಬಗ್ಗಿ ನಿಂತಿದ್ದ, ಸೂರಮ್ಮ ಕೊಡ ಎತ್ತಿ ಹಿಡಿದು ಮೇಲಿನಿಂದ ನೀರು ಬಿಡುತ್ತಿದ್ದಳು. ಧಾರೆ ಎಷ್ಟು ಮೇಲಿನಿಂದ ಬೀಳುತ್ತಿದೆ ಎಂದು ಅವನು ಮೊದಲ ಸಲ ನೋಡಿದ. ನೋಡಿ ಒಳಗೆ ಹೋದ.

"ಯಾರೋ ಕರೀತಾವ್ರೆ ನಿನ್ನ" ಎಂದ ದೊಡ್ಡಪಾಲಯ್ಯ.

ಸಂತೆ ಮೈದಾನದ ಮೂಲೆಯಲ್ಲಿ, ತನ್ನ ಖಾನಾವಳಿಯ ಬಾಗಿಲು ತುಂಬುವಂತೆ ಮುರುಗೇಂದ್ರಪ್ಪ ನಿಂತಿದ್ದ. ಹಣೆಯ ತುಂಬ ವಿಭೂತಿ, ತೋಳಿಗೆ ಜೋಳದ ಹಿಟ್ಟು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಪಟಪಟ ಬರುತ್ತಿತ್ತು. "ಏನಪಾ ದೇವಸಮುದ್ರದವ್ನೆ, ಮುಖ ತಿರುವ್ಕಂಡು ಹೊಂಟೀಯಲ್ಲ? ಬದನೆಕಾಯಿ ಎಣ್ಣೇಲಿ ಮಲಗೈತೆ, ನೀನು ಎಬ್ಬಸೋದು ಒಂದೇ ಬಾಕಿ. ಯಜಮಾನ್ರನ್ನೂ ಕರ್ಕಂಬಾ."

ಬೊಮ್ಮಲಿಂಗಪ್ಪನ ಕಿವಿ ಕಾದವು. ದೊಡ್ಡಪಾಲಯ್ಯ ಮಾತ್ರ ತನ್ನ ಕರಿ ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು ಶಾಂತವಾಗಿ, "ನಮ್ದು ಹಿಟ್ಟು ಗಂಟಿನಾಗೈತೆ ಕಣಪ್ಪ. ಇಲ್ಲಿ ಲಾಳ ಕಟ್ಟೋರು ಎಲ್ಲವ್ರೆ?" ಎಂದ.

"ಲಾಳವಾ? ಅದೇ ಬೇವಿನ ಮರದ ಕೆಳಗೆ, ಸಾಬರ ಚಪ್ಪರ. ಇವ್ನಿಗೆ..." ಎಂದು ಮುರುಗೇಂದ್ರಪ್ಪ ಬೊಮ್ಮಲಿಂಗಪ್ಪನ ಕಡೆ ಕೈ ತೋರಿಸಿದವನು ಅವನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ಅವನು ಕೆಟ್ಟವನಲ್ಲ. ಬಾಯಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ಮುಂದಿನ ಹಜಾರದಲ್ಲಿ ಅವನ ಜನ ಕೂಡುತ್ತಿದ್ದರು, ಬೊಮ್ಮಲಿಂಗಪ್ಪನಂಥವರಿಗೆ ಹಿತ್ತಲ ಪಡಸಾಲೆ, ದನದ ಗ್ವಾದಲಿಯ ಪಕ್ಕ. ಆದರೆ ರೊಟ್ಟಿ ಹಾರಿ ಬಂದು ಎಲೆಗೆ ಬೀಳುವಾಗ ಮುಂದಿನವರಿಗೆ ಒಂದು ಲೆಕ್ಕ ಹಿಂದಿನವರಿಗೆ ಒಂದು ಲೆಕ್ಕ ಎಂದು ಇರಲಿಲ್ಲ. "ಇನ್ನೊಂದು ಹಾಕಿಸ್ಕ, ಏನ್ ಹೆಂಗಸರಂಗೆ ಉಣ್ತೀಯ" ಎಂದು ಗದರಿ ಹಾಕುತ್ತಿದ್ದ. ಹೋದ ವರ್ಷ ಜ್ವರ ಏರಿ ಅದೇ ಹಿತ್ತಲ ಪಡಸಾಲೆಯಲ್ಲಿ ಬೊಮ್ಮಲಿಂಗಪ್ಪ ಕುಸಿದು ಬಿದ್ದಾಗಲೂ ಮುರುಗೇಂದ್ರಪ್ಪನೇ ಬಂದು ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. "ಊಟಕ್ಕೆ ಕುಂತೋರು ಎದ್ದು ಹೋಗ್ತಾವ್ರೆ ತಮ್ಮಾ. ಊರಾಗೆ ದಿನಾ ಹೆಣ ಏಳ್ತಾವೆ. ನಿನ್ನ ಕಾಲಿಗೆ ಬೀಳ್ತೀನಿ, ಎದ್ದು ಹೊರಗೆ ಹೋಗು" ಎಂದು ನಿಜವಾಗಿಯೂ ಕಣ್ಣೀರು ಹಾಕಿ, ಹೊದಿಕೆಯ ಚುಂಗಿಗೆ ನಾಲ್ಕು ರೊಟ್ಟಿ ಕಟ್ಟಿ, ಬಾಗಿಲ ಹೊರಗೆ ಬಿಟ್ಟು ಬಂದಿದ್ದ. ಭಟ್ಟರು ಆಗಲೇ ಕಿಂಡಿಗೆ ಹಲಗೆ ಹೊಡೆದಿದ್ದರು. ಯಾರನ್ನೂ ದೂರುವಂತಿಲ್ಲ. ಆ ವರ್ಷ ಹಾಗಿತ್ತು.

ಆ ದಾರಿಯಲ್ಲೇ ಸಿಕ್ಕ, ಗಂಟೆ ಮಾಡುವ ಕಂಚುಗಾರನ ಅಂಗಡಿಯ ಮುಂದೆ ಒಂದು ಹುಣಸೆ ಮರ. ದೊಡ್ಡಪಾಲಯ್ಯ ಗಂಟೆಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು, ಆಡಿಸಿ, ಕಣ್ಣು ಮುಚ್ಚಿ ಕೇಳಿ, ಕೆಲವನ್ನು ಆರಿಸಿ, ಪಕ್ಕದ ಅಂಗಡಿಯಲ್ಲಿ ಹುರಿಯನ್ನೂ ಕೊಂಡ ಮೇಲೆ ಆ ನೆರಳಿನಲ್ಲಿ ಗಂಟು ಬಿಚ್ಚಿದ. ರಾಗಿ ಹಿಟ್ಟಿನ ಮುದ್ದೆ, ಹಸಿ ಈರುಳ್ಳಿ, ಸೋರೆ ಬುರುಡೆಯ ನೀರು. ಎರಡು ತುತ್ತು ನುಂಗಿ, "ಬದನೆಕಾಯಿ ಎಣ್ಣೇಲಿ ಮಲಗೈತಂತೆ" ಎಂದ.

ಬೊಮ್ಮಲಿಂಗಪ್ಪ ಹಿಟ್ಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ.

"ಎಷ್ಟು ದಿನದಿಂದ ಉಣ್ತಾ ಇದ್ದೀಯ ಅಲ್ಲಿ?"

"ಆಗಾಗ ಮಾವ. ಸಂತೆಗೆ ಬಂದಾಗ."

"ಏಮಿ ನಾಯನಾ, ಹೆದರ್ಕಂತೀಯ ಯಾಕೆ. ಪ್ಯಾಟೆಗೆ ಬರೋ ಹುಡುಗ್ರು ಬಾಯಿ ಹೊಲ್ಕಂಡು ಬರ್ತಾರಾ, ನಂಗೊತ್ತಿಲ್ವಾ." ಮುದುಕ ಈರುಳ್ಳಿ ಕಡಿದ. "ಹೆಂಗಿರ್ತೈತೆ ಹೇಳು."

ಇದು ಬಲೆಯೋ ಬಯಕೆಯೋ ಎಂದು ಬೊಮ್ಮಲಿಂಗಪ್ಪ ಮಾವನ ಮುಖ ನೋಡಿದ. ಬಿಸಿಲಿಗೆ ಬಿರುಕು ಬಿಟ್ಟ ಆ ಮುಖದಲ್ಲಿ ಏನೂ ಸಿಕ್ಕಲಿಲ್ಲ, ಕಣ್ಣಿನ ಮೂಲೆಯಲ್ಲಿ ಒಂದು ಚೂರು ಹಸಿವು ಬಿಟ್ಟು. ಸ್ವಲ್ಪ ಹೇಳಿ ನಿಲ್ಲಿಸಿಬಿಡೋಣ ಎಂದು ಶುರುಮಾಡಿದ. ರೊಟ್ಟಿ ತೆಳ್ಳಗೆ ಮಾವ, ಬೆಳಕಿಗೆ ಹಿಡಿದ್ರೆ ಆ ಕಡೆಯೋರು ಕಾಣ್ತಾರೆ. ಬದನೆಕಾಯಿಗೆ ಶೇಂಗಾ ಪುಡಿ, ಹುಣಸೆ, ಗುರೆಳ್ಳು. ಎಣ್ಣೆ ಬೆರಳ ಸಂದಿಗೆ ಇಳೀತೈತೆ, ಆದ್ರೆ ಆ ಮನೇಲಿ ಬಾಯಿಗಿಂತ ಹೊಟ್ಟೆಗೆ ಮರ್ಯಾದೆ ಜಾಸ್ತಿ, ಇನ್ನೂ ರುಚಿ ನೋಡೋದ್ರೊಳಗೆ ಮತ್ತೊಂದು ಬಂದು ಬೀಳ್ತೈತೆ. ಭಟ್ಟರದ್ದು ಹಂಗಲ್ಲ. ಅಲ್ಲಿ ಉಪ್ಪಿಟ್ಟು ಮುತ್ತುಗದ ಎಲೇಲಿ ಇಷ್ಟೇ ಇಷ್ಟು, ಸಾಲ್ದು ಅನ್ನೋಷ್ಟೇ ಕೊಡ್ತಾರೆ, ಅದಕ್ಕೇ ಮುಂದಿನ ಸಂತೆವರೆಗೂ ನೆನಪಿರ್ತೈತೆ. ಕಾಫಿ ಮೊದಲು ಕಹಿ, ಹಿಂದೆನೇ ಬೆಲ್ಲ, ಆಮೇಲೆ ಏನೂ ಇಲ್ಲ ಅನ್ಕಳೋ ಹೊತ್ಗೆ ಮೂಗಿನಾಗಿಂದ ವಾಪಸ್ ಬರ್ತೈತೆ. ಭಟ್ಟರು ಮಾತಾಡಲ್ಲ, ಅವರ ಕಾಫೀನೂ ಮಾತಾಡಲ್ಲ, ಕಿವಿಯಾಗೆ ಏನೋ ಹೇಳಿ ಹೋದಂಗಿರ್ತೈತೆ. ಹೇಳುತ್ತ ಹೇಳುತ್ತ ಬೊಮ್ಮಲಿಂಗಪ್ಪನಿಗೆ ತನ್ನ ದನಿಯೇ ಹಿತವಾಗತೊಡಗಿತು. ವರ್ಷಗಟ್ಟಲೆ ಒಬ್ಬನೇ ತಿಂದು ಒಬ್ಬನೇ ಬಾಯಿ ಒರೆಸಿಕೊಂಡದ್ದು ಇವತ್ತು ಮೊದಲ ಸಲ ಇನ್ನೊಬ್ಬರ ಕಿವಿಗೆ ಬೀಳುತ್ತಿತ್ತು. ದೊಡ್ಡಪಾಲಯ್ಯ ಹಿಟ್ಟು ಮುರಿಯುವುದನ್ನೇ ಮರೆತು ಕೇಳುತ್ತಿದ್ದ.

"ನಮ್ಮ ಮೊಳಕಾಲ್ಮುರು ಕ್ಯಾತಮ್ಮನ ಮಂಡಕ್ಕಿ ಮುಂದೆ?"

"ಕ್ಯಾತಮ್ಮಂದು ಬೇರೆ ಮಾವ. ಮಗ್ಗದೋರು ಮಧ್ಯಾಹ್ನ ಜಗುಲಿ ಮೇಲೆ ಕುಂತು ತಿನ್ನೋದು ಅದು. ಹಸಿಮೆಣಸಿನಕಾಯಿ ಒಗ್ಗರಣೆ ಕಣ್ಣಾಗೆ ನೀರು ತರಿಸ್ತೈತೆ, ಆಯಮ್ಮನ ಬಾಯಿ ಅದಕ್ಕಿಂತ ಖಾರ."

"ಅದು ನಾನೂ ತಿಂದೀನಿ" ಎಂದ ದೊಡ್ಡಪಾಲಯ್ಯ ತಗ್ಗಿದ ದನಿಯಲ್ಲಿ. "ಮಂಡಕ್ಕಿ ಬೆಂದದ್ದಲ್ಲ. ಹುರಿದದ್ದು."

ಇಬ್ಬರೂ ನಕ್ಕರು. ನಗು ಇಳಿದ ಮೇಲೆ ಮುದುಕ ಕೈ ತೊಳೆದು, ಬುರುಡೆಯ ಬಾಯಿಗೆ ಬಿರಟೆ ಒತ್ತಿ, ಬೇರೆ ದನಿಯಲ್ಲಿ ಮಾತಾಡಿದ. "ನೋಡು, ಹುರಿ ಕೊಡೋ ದಿನ ಎಕ್ಕದ ಕಡ್ಡಿ ಕಾಯಿಸಿ ನಾಲಿಗೆಗೆ ಮುಟ್ಟಿಸ್ತೀವಿ. ರೊಟ್ಟಿ ತಿಂದಿದ್ರೆ, ಕಾಫಿ ಕುಡಿದಿದ್ರೆ ಅದರಾಗೆ ಹೋಗ್ತೈತೆ. ಯರ್ರಪ್ಪಂಗೂ ಸುಟ್ಟಿದ್ವಿ, ಹಿರಿತನ ಕೊಟ್ಟಾಗ ನಂಗೂ ಸುಟ್ಟವ್ರೆ. ಕೋಳಿ ಬೆಂದ ಮನೇದು ಒಂದಕ್ಕೆ ಕಡ್ಡಿ ಇಲ್ಲ. ಅದಿದ್ರೆ ಈಗ್ಲೇ ಹೇಳ್ಬಿಡು, ನಾನು ಜೋಗಪ್ಪನ ಮಗನ್ನ ನೋಡ್ತೀನಿ, ಯಾರಿಗೂ ಏನೂ ಹೇಳಲ್ಲ. ಅದೇನೂ ಇಲ್ವಲ್ಲ?"

ಹೀಗೆ ಬಂತು ಆ ಪ್ರಶ್ನೆ, ಊಟ ಮುಗಿಸಿ ಕೈ ಒರೆಸಿಕೊಳ್ಳುವಷ್ಟು ಸಲೀಸಾಗಿ. ಎರಡು ಮನೆಯ ರುಚಿಯನ್ನು ಅಷ್ಟು ಬಣ್ಣಿಸಿದ ನಾಲಿಗೆ ಮೂರನೆಯ ಮನೆಯ ಮುಂದೆ ಬಂದು ನಿಂತಿತು. ಅಲ್ಲಿ ಕಿಂಡಿ ಇರಲಿಲ್ಲ, ಹಿತ್ತಲ ಪಡಸಾಲೆ ಇರಲಿಲ್ಲ. ಒಂದೇ ಬೆಂಚು, ಲಾಳಕ್ಕೆ ಬಂದವನು, ಗಾಲಿ ಪಟ್ಟಿಗೆ ಬಂದವನು, ಸುಮ್ಮನೆ ಬಂದವನು ಎಲ್ಲರಿಗೂ ಅದೇ. ಶುಂಠಿ ಹಾಕಿದ ಚಾ ಗಡುಸಾಗಿರುತ್ತಿತ್ತು, ಹಾಲು ಕಡಿಮೆ, ಭಟ್ಟರ ಕಾಫಿಯ ಮುಂದೆ ಇಡುವಂಥದ್ದೇ ಅಲ್ಲ. ಆದರೆ ಮೌಲಾ ಸಾಬ್ ಕುಡಿದ ಬಟ್ಟಲನ್ನು ಕೈಯಿಂದ ಕಿತ್ತುಕೊಂಡು ತಾನೇ ತೊಳೆಯುತ್ತಿದ್ದ. ಮೊದಲ ಸಲ ಬೂದಿ ಹುಡುಕುತ್ತ ಎದ್ದು ನಿಂತ ಬೊಮ್ಮಲಿಂಗಪ್ಪನನ್ನು ನೋಡಿ, "ಏನ್ರಿ, ನನ್ನ ಕೆಲಸ ಕಿತ್ಕಂತೀರಾ" ಎಂದು ನಕ್ಕಿದ್ದ. ಆ ಬೆಂಚಿನ ಮೇಲೆ ಚಾ ಮಾತ್ರ ಎಂದು ಬೊಮ್ಮಲಿಂಗಪ್ಪ ತನಗೆ ತಾನೇ ಗೆರೆ ಎಳೆದುಕೊಂಡಿದ್ದ. ಜ್ವರದಲ್ಲಿ ಆ ಗೆರೆ ಎಲ್ಲಿ ಹೋಯಿತೋ. ಮುರುಗೇಂದ್ರಪ್ಪನ ಬಾಗಿಲಿನಿಂದ ಬೇವಿನ ಮರದವರೆಗೆ ಹೇಗೆ ನಡೆದ ಎಂಬುದು ನೆನಪಿಲ್ಲ. ನೆನಪಿರುವುದು ಗಾಲಿಗಳ ನಡುವೆ ಹಾಸಿದ ಹುಲ್ಲು, ಮಣ್ಣಿನ ಬೋಗುಣಿ, ತಲೆಯ ಹಿಂದೆ ಒಂದು ಕೈ. ಪರದೆ ಬಿಟ್ಟು ಹೊರಗೆ ಬಾರದ ಮೌಲಾ ಸಾಬನ ಹೆಂಡತಿ ಖುರ್ಷೀದ್ ಬೇಗಂ ಆ ದಿನಗಳಲ್ಲಿ ಪರದೆ ಬಿಟ್ಟು ಬಂದಿದ್ದಳು. ತಿಳಿಯಾದ ಸಾರು, ಕರಿಮೆಣಸು, ಜಜ್ಜಿದ ಶುಂಠಿ, ಮೇಲೆ ಹೊನ್ನಿನಂಥ ಎಣ್ಣೆಯ ಕಣ್ಣುಗಳು. ಒಳಗೆ ಇಳಿದಲ್ಲೆಲ್ಲ ದೀಪ ಹಚ್ಚಿಕೊಂಡು ಹೋದಂತಿತ್ತು. ಮೊದಲ ದಿನ ಏನೆಂದು ತಿಳಿಯಲಿಲ್ಲ. ಮರುದಿನ ಮುಂಜಾನೆ ಹುಂಜದ ಕೂಗಿಗೆ ಕಣ್ಣು ಬಿಟ್ಟ; ಹುಟ್ಟಿದ ಮೇಲೆ ಮೊದಲ ಸಲ ಹುಂಜ ಅವನನ್ನು ಎಬ್ಬಿಸಿತ್ತು. ಗೋಡೆಯ ಬುಡದಲ್ಲಿ ಗಾಳಿಗೆ ಪುಕ್ಕಗಳು ಹೊರಳುತ್ತಿದ್ದವು. ಆಗ ತಿಳಿಯಿತು. ತಿಳಿದ ಮೇಲೆ ವಾಂತಿಯಾಗಬೇಕಾಗಿತ್ತು, ಆಗಲಿಲ್ಲ. ಸಂಜೆ ಬೋಗುಣಿ ಬರುವುದು ತಡವಾದಾಗ, "ಅವ್ವ, ಅದು ಐತಾ?" ಎಂದು ಪರದೆಯ ಕಡೆ ತಿರುಗಿ ಕೇಳಿದವನು ಅವನೇ. ಅವ್ವ ಎಂದೇ ಕರೆದಿದ್ದ. ಅರಿಯದೆ ಕುಡಿದದ್ದಕ್ಕೆ ಏನಾದರೂ ನೆಪ ಸಿಗುತ್ತಿತ್ತೇನೋ. ಕೇಳಿ ಕುಡಿದದ್ದಕ್ಕೆ?

"ಇಲ್ಲ ಮಾವ" ಎಂದ. ಸೂರಮ್ಮ ಹೇಳಿದಂತೆ ತಲೆ ಎತ್ತಿಯೇ ಹೇಳಿದ.

ಬೇವಿನ ಮರ ಹತ್ತಿರವಾದಂತೆ ಅವನು ಎತ್ತಿನ ಮರೆಗೆ ಸರಿದು ನಡೆದ. ಮೌಲಾ ಸಾಬ್ ಕುಲುಮೆಯ ಮುಂದೆ ಕೂತಿದ್ದವನು ತಲೆ ಎತ್ತಿದ. ಗಡ್ಡದ ನಡುವೆ ನಗು ಅರ್ಧ ಹರಡಿತ್ತು, ಬಾಯಿ ಹೆಸರು ಹಿಡಿಯಲು ತೆರೆದಿತ್ತು. ಅಷ್ಟರಲ್ಲಿ ಅವನ ಕಣ್ಣು ಮುದುಕನ ಕರಿ ಕಂಬಳಿ, ಸೋರೆ ಬುರುಡೆ, ಗಾಡಿಯಲ್ಲಿದ್ದ ಹೊಸ ಹುರಿ ಎಲ್ಲವನ್ನೂ ದಾಟಿ ಬೊಮ್ಮಲಿಂಗಪ್ಪನ ಮುಖಕ್ಕೆ ಬಂದು ನಿಂತಿತು. ಆ ಮುಖದಲ್ಲಿ ಏನಿತ್ತೋ, ಬೊಮ್ಮಲಿಂಗಪ್ಪನಿಗೆ ಕಾಣದು. ಮೌಲಾ ಸಾಬನಿಗೆ ಕಂಡಿರಬೇಕು. ನಗು ಹಿಂದಕ್ಕೆ ಹೋಯಿತು. "ಬರ್ರಿ ಯಜಮಾನ್ರೆ. ಯಾವೂರು ತಮ್ದು?" ಎಂದ. ಮುದುಕನನ್ನು ಕೇಳಿದ, ಇವನನ್ನಲ್ಲ. ಕೇಳುತ್ತಲೇ ಎದ್ದು, ಅಂಗಳದಲ್ಲಿ ಕೆದಕುತ್ತಿದ್ದ ಕೋಳಿಗಳನ್ನು ಹುಶ್ ಹುಶ್ ಎಂದು ಮೂಲೆಗೆ ಓಡಿಸಿ, ಅವುಗಳ ಮೇಲೆ ಬಿದಿರಿನ ಮಂಕರಿ ಕವುಚಿ, ಅದರ ಮೇಲೊಂದು ಗೋಣಿ ಹೊದಿಸಿದ. ಬೆಂಚನ್ನೂ ಎತ್ತಿ ಒಳಗಿಟ್ಟ. ಮರದ ಆಚೆ ಬದಿಯ ಬರಿ ಮಣ್ಣು ತೋರಿಸಿ, "ಅಲ್ಲಿ ಕೂತ್ಕಳ್ರಿ, ಅಲ್ಲಿ ಏನೂ ಓಡಾಡಿಲ್ಲ" ಎಂದ.

"ನಮ್ಮ ಕಟ್ಟು ನಿಂಗೆ ಹೆಂಗೆ ಗೊತ್ತಪ್ಪ?" ಎಂದು ದೊಡ್ಡಪಾಲಯ್ಯ ಬೆರಗಾದ.

"ನಿಮ್ ಕಡೆಯೋರು ಲಾಳಕ್ಕೆ ಬರ್ತಾರಲ್ರಿ. ಯಾರೋ ಒಬ್ರು ಹೇಳಿದ್ರು."

ಜ್ವರದಲ್ಲಿ ತಾನು ಬಡಬಡಿಸಿದ್ದನ್ನೆಲ್ಲ ಈ ಮನುಷ್ಯ ಕೂತು ಕೇಳಿಸಿಕೊಂಡಿದ್ದ. ಬೊಮ್ಮಲಿಂಗಪ್ಪ ಎತ್ತಿನ ಮೂಗುದಾರ ಹಿಡಿದು ನೆಲ ನೋಡುತ್ತ ನಿಂತ. ಎತ್ತನ್ನು ಕೆಡವಲು ಇಬ್ಬರೂ ಸೇರಿ ಹಗ್ಗ ಎಳೆಯಬೇಕಾಯಿತು. ಕೈ ಕೈಗೆ ತಾಗಿತು, ಮೌಲಾ ಸಾಬ್ ಅಪರಿಚಿತನ ಕೈ ತಾಗಿದವನಂತೆ, "ಜರಾ ಆ ಕಡೆ ಹಿಡೀರಿ" ಎಂದ. ಗುರುತಾದ ಮೇಲೆ ಅವನು ಎಂದೂ ಬೊಮ್ಮಣ್ಣ ಬಿಟ್ಟು ಬೇರೆ ಕರೆದವನಲ್ಲ. ಮೊಳೆ ಹೊಡೆಯುವ ಸದ್ದಿಗೆ ಒಳಗಿನಿಂದ ಪರದೆ ಅಲ್ಲಾಡಿತು. "ಕೌನ್ ಜೀ? ಓ ಬುಖಾರ್‌ವಾಲಾ ಆಯಾ ಕ್ಯಾ?" ಎಂದು ಹೆಂಗಸಿನ ದನಿ. ಜ್ವರದವನು ಬಂದನೇ ಎಂದು. ಅವಳು ಅವನನ್ನು ಹಾಗೇ ಕರೆಯುತ್ತಿದ್ದಳು. ಸಂತೆಯ ದಿನ ಬೆಂಚಿನ ಸದ್ದಾದರೆ ಹಾಗೇ ಕೇಳುತ್ತಿದ್ದಳು, ಇವನು ಇಲ್ಲಿಂದಲೇ "ಬಂದೆ ಅವ್ವ" ಎನ್ನುತ್ತಿದ್ದ. ದೊಡ್ಡಪಾಲಯ್ಯನಿಗೆ ತೆಲುಗು ಬರುತ್ತಿತ್ತು, ಕನ್ನಡ ಬರುತ್ತಿತ್ತು, ಆ ಮಾತು ಬರುತ್ತಿರಲಿಲ್ಲ. ಬೊಮ್ಮಲಿಂಗಪ್ಪನಿಗೆ ಬರುತ್ತಿತ್ತು. ಮೌಲಾ ಸಾಬ್ ಸುತ್ತಿಗೆ ನಿಲ್ಲಿಸದೆ ಹೇಳಿದ: "ನೈ. ಓ ನೈ. ಕೋಯಿ ಹೌರ್ ಹೈ." ಅವನಲ್ಲ, ಬೇರೆ ಯಾರೋ. ಪರದೆ ಸುಮ್ಮನಾಯಿತು. ಇದಕ್ಕಿಂತ ಈ ಮನುಷ್ಯ ನನ್ನ ಹೆಸರು ಹಿಡಿದು ಕೂಗಿಬಿಟ್ಟಿದ್ದರೆ, ಬೆನ್ನು ತಟ್ಟಿ ನನ್ನನ್ನು ಹಾಳುಮಾಡಿಬಿಟ್ಟಿದ್ದರೆ ಎಂದು ಬೊಮ್ಮಲಿಂಗಪ್ಪನಿಗೆ ಅನ್ನಿಸಿತು. ಅವನು ಕೂಗಲಿಲ್ಲ. ಒಂದೊಂದೇ ಮೊಳೆ, ಗೊರಸಿನ ಜೀವಕ್ಕೆ ತಾಗದಂತೆ, ಒಳ್ಳೆಯ ಕೈಯಿಂದ ಹೊಡೆದ.

ಎತ್ತು ಎದ್ದು ನಿಂತು ಕಾಲು ಊರಿ ನೋಡಿತು. ಗಾಡಿ ಹೂಡಿ ಬೀದಿಯ ತಿರುವಿಗೆ ಬಂದಾಗ ದೊಡ್ಡಪಾಲಯ್ಯ ಎತ್ತಿನ ಮೂಗುದಾರ ಹಿಡಿದೆಳೆದು ನಿಲ್ಲಿಸಿದ. "ಅವನ ಹೆಸರು ಕೇಳ್ಲಿಲ್ಲ ನೋಡು. ಎತ್ತಿನ ಕಾಲು ಮುಟ್ಟಿದೋನ ಹೆಸರು ದೇವರ ಎತ್ತಿನ ಮುಂದೆ ಹೇಳ್ಬೇಕು, ಇಲ್ದಿದ್ರೆ ಆ ಕೆಲಸದ ಋಣ ನಮ್ಮ ಮೇಲೆ ಉಳೀತೈತೆ. ಹೋಗಿ ಕೇಳ್ಕಂಡು ಬಾ. ನಾನಿಲ್ಲೇ ನಿಂತಿರ್ತೀನಿ."

ಬೊಮ್ಮಲಿಂಗಪ್ಪ ನಡೆದ. ನಡೆಯುವಾಗ ಬೆನ್ನ ಮೇಲೆ ಮಾವನ ಕಣ್ಣು ಇತ್ತು. ಮೌಲಾ ಸಾಬ್ ಆಗಲೇ ಮಂಕರಿ ಎತ್ತಿದ್ದ, ಕೋಳಿಗಳು ಹೊರಗೆ ಬಂದು ಮೈ ಕೊಡವುತ್ತಿದ್ದವು. ಬೆಂಚನ್ನು ಮತ್ತೆ ಹೊರಗೆ ತರುತ್ತಿದ್ದವನು ಇವನನ್ನು ನೋಡಿ ಅದನ್ನು ನಡುವೆಯೇ ಇಳಿಸಿ ನಿಂತ. ಅವರಿಬ್ಬರ ನಡುವೆ ಬೆಂಚು ಅಡ್ಡ ಬಂತು. ಕೂತುಬಿಡಬಹುದಾಗಿತ್ತು. ಮಂಡಿ ಮಡಿಸಿದರೆ ಸಾಕಾಗಿತ್ತು.

"ನಿಮ್ ಹೆಸರು ಕೇಳ್ಕಂಡು ಬಾ ಅಂದ್ರು" ಎಂದ ಬೊಮ್ಮಲಿಂಗಪ್ಪ.

ಮೌಲಾ ಸಾಬ್ ಅವನನ್ನು ನೋಡಿದ. ಸಿಟ್ಟಿರಲಿಲ್ಲ, ಅದೇ ತಡೆಯಲಾರದಂಥದ್ದು. ಬೀದಿಯ ತುದಿಯಲ್ಲಿ ನಿಂತ ಮುದುಕನಿಗೂ ಕೇಳಿಸಲಿ ಎಂಬಂತೆ ದನಿ ಎತ್ತಿ, "ಮೌಲಾ ಅಂತಾರ್ರಿ. ಲಾಳದ ಮೌಲಾ" ಎಂದ. ಆಮೇಲೆ ತುಟಿ ಅಲ್ಲಾಡಿಸದೆ, ಬೆಂಚಿಗೆ ಹೇಳುವವನಂತೆ ಹೇಳಿದ: "ಎತ್ತು ಚಂದಾಗಿ ನೋಡ್ಕ ಬೊಮ್ಮಣ್ಣ. ಹೋಗು, ನಿಂತಾರೆ ಅವ್ರು."

"ಅವ್ವನಿಗೆ" ಎಂದು ಬಾಯಿ ತೆರೆದವನು ಬೀದಿಯ ತುದಿಯ ಕಡೆ ನೋಡಿ ಅಷ್ಟಕ್ಕೇ ನಿಲ್ಲಿಸಿದ. ತಿರುಗಿ ಬಂದ.

"ಮೌಲಾ ಅಂತೆ ಮಾವ."

"ಮೌಲಾ" ಎಂದು ದೊಡ್ಡಪಾಲಯ್ಯ ಹೆಸರನ್ನು ಬಾಯಲ್ಲಿ ಒಂದೆರಡು ಸಲ ಹೊರಳಿಸಿ ಗಟ್ಟಿಮಾಡಿಕೊಂಡ. "ಒಳ್ಳೆ ಮನುಷ್ಯ ಕಣೋ. ಕೋಳಿ ಮುಚ್ಚಿದ ನೋಡು, ನಾವು ಬಾಯಿ ಬಿಡೋಕೆ ಮುಂಚೆ. ನಾವು ಯಾರ ಮನೆ ಮುಂದೆ ಹಂಗೆ ಮಾಡೀವಿ? ಇಂಥೋರ ಹತ್ರ ಗುರುತು ಇಟ್ಕಬೇಕು. ಬಂದಾಗ ನೆರಳಿಗೆ ಕುಂತು ಎರಡು ಮಾತಾಡಿದ್ರೆ ಏನೂ ತಪ್ಪಿಲ್ಲ." ಸ್ವಲ್ಪ ದೂರ ನಡೆದ ಮೇಲೆ ಹೊಸ ಹುರಿಯನ್ನು ಗಾಡಿಯಿಂದ ತೆಗೆದು, ಸುರುಳಿ ಬಿಚ್ಚದೆಯೇ, ಅಳಿಯನ ಹೆಗಲಿಗೆ ಹಾಕಿದ. "ಆದ್ರೆ ನೀನಿನ್ನು ಬರೋದೆಲ್ಲಿ. ಮಂದೆ ಬಿಟ್ಟು ಕಿಲಾರಿ ಪ್ಯಾಟೆ ಮೆಟ್ಟಂಗಿಲ್ಲ."

ಹುರಿ ಭಾರವಾಗಿತ್ತು, ಹೊಸ ನಾರಿನ ಚುಂಗುಗಳು ಕುತ್ತಿಗೆಗೆ ಚುಚ್ಚುತ್ತಿದ್ದವು. ಬಯಲಿಗೆ ಬಂದಾಗ ಬಿಸಿಲು ಇಳಿಯತೊಡಗಿತ್ತು. ಗಾಡಿಯೊಳಗೆ ಗಂಟೆಗಳು ಒಂದಕ್ಕೊಂದು ತಾಗಿ ಏನೋ ಹೇಳುತ್ತಿದ್ದವು. ತನಗೆ ಸಂತೋಷವಾಗಬೇಕು ಎಂದು ಬೊಮ್ಮಲಿಂಗಪ್ಪ ಕಾದ. ಬೇಲಿಯ ಹತ್ತಿರ ನಿಂತಿರುವ ಸೂರಮ್ಮನ ಮುಖವನ್ನು ಎದುರಿಗೆ ತಂದುಕೊಂಡ, ಎದ್ದು ನಿಲ್ಲುವ ಗಂಡಸರನ್ನು ತಂದುಕೊಂಡ. ಎಲ್ಲ ಬಂದರು, ನಿಂತರು, ಯಾರ ಮುಖವೂ ಇವನ ಕಡೆ ಇರಲಿಲ್ಲ.

ಗಾಡಿಯ ಮೇಲೆ ಕಾಲು ಚಾಚಿದ ದೊಡ್ಡಪಾಲಯ್ಯನಿಗೆ ಮಾತ್ರ ಮನ ಹಗುರಾಗಿತ್ತು. "ಲೇ, ಆ ಕಾಫಿ ವಿಷಯ ಇನ್ನೊಂದ್ಸಲ ಹೇಳು. ನನ್ನ ಕಾಲಕ್ಕಂತೂ ಆಗ್ಲಿಲ್ಲ, ನೀನೂ ಇನ್ನು ಕುಡಿಯಂಗಿಲ್ಲ. ಹೇಳು, ಕೇಳನ."

ಬೊಮ್ಮಲಿಂಗಪ್ಪ ಭಟ್ಟರ ಕಿಂಡಿಯನ್ನು ನೆನೆಸಿಕೊಂಡ. ಲೋಟ ಬಂತು, ಮೊಳೆ ಬಂತು, ಧಾರೆ ಬಂತು. ರುಚಿ ಬರಲಿಲ್ಲ. ಕಹಿ, ಬೆಲ್ಲ ಎಂದು ಹುಣಸೆ ಮರದ ಕೆಳಗೆ ಆಡಿದ ಮಾತುಗಳು ಮಾತ್ರ ಸಿಪ್ಪೆಯಂತೆ ಉಳಿದಿದ್ದವು. ಮಾವ ಕಾಯುತ್ತಿದ್ದ. ಏನಾದರೂ ಹೇಳಬೇಕಾಗಿತ್ತು. "ತಿಳಿಯಾಗಿರ್ತೈತೆ ಮಾವ" ಎಂದು ಶುರುಮಾಡಿದ. "ಬೋಗುಣೀಲಿ ಕೊಡ್ತಾರೆ. ಮೇಲೆ ಹೊನ್ನಿನಂಗೆ ಹನಿ ಹನಿ ತೇಲ್ತಿರ್ತೈತೆ. ಒಂದು ಗುಟುಕಿಗೆ ಎದೆ ಬಿಚ್ಚಿಕಳ್ತೈತೆ, ಇನ್ನೊಂದಕ್ಕೆ ಕಾಲಿಗೆ ಜೀವ ಬರ್ತೈತೆ. ಮೆಣಸು ಗಂಟಲಾಗೆ ಚುರ್ ಅಂತೈತೆ, ಶುಂಠಿ ಹಿಂದೆ ಬರ್ತೈತೆ. ನಮ್ಗೆ ಕೈಯಾಗೆ ಹಿಡ್ಕಳಾಕೆ ಆಗ್ದಿದ್ರೆ ತಲೆ ಎತ್ತಿ ಹಿಡಿದು ಕುಡಿಸ್ತಾರೆ. ಸಾಕು ಅಂದ್ರೂ ಬಿಡಲ್ಲ. ಹಿಂಗೆ ಬಡವಾಗಿದ್ದು ನಿಮ್ಮವ್ವ ನೋಡಿದ್ರೆ ಏನಂತಾಳೆ, ಇನ್ನೊಂದಿಷ್ಟು ಕುಡಿ ಅಂತಾರೆ."

ಅವನ ದನಿ ಒಡೆದದ್ದು ಗಾಲಿಯ ಸದ್ದಿನಲ್ಲಿ ಮುದುಕನಿಗೆ ಕೇಳಿಸಿತೋ ಇಲ್ಲವೋ. ದೊಡ್ಡಪಾಲಯ್ಯ ನಾಲಿಗೆಯಿಂದ ತುಟಿ ಸವರಿಕೊಂಡು, ಕಾಣದ ಅದನ್ನು ಬಾಯಲ್ಲಿ ಹೊರಳಿಸಿ ನೋಡುತ್ತಿದ್ದ.

"ಕಾಫಿಗೆ ಮೆಣಸು ಹಾಕ್ತಾರೇನೋ?" ಎಂದ ಕೊನೆಗೆ.

"ಹಾಕ್ತಾರೆ ಮಾವ" ಎಂದ ಬೊಮ್ಮಲಿಂಗಪ್ಪ.